ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು

"ಯಾರ್ರೀ ನೀವು? ನನ್ನ ರೂಮಲ್ಲಿ ಏನ್ ಮಾಡ್ತಿದ್ದೀರ?"

ಅವಳು ಕೇಳಿದ್ದು ಒಂದು ಸಲ ಅಲ್ಲ, ಮೂರು ಸಲ. ನೆಲದ ಮೇಲೆ ಕೂತಿದ್ದ ಆ ಮನುಷ್ಯ ತಿರುಗಿಯೂ ನೋಡಲಿಲ್ಲ. ಒಂದು ಪುಟ್ಟ ಸ್ಪೀಕರ್‌ಗೆ ಬಲಗಿವಿ ಒತ್ತಿಕೊಂಡು, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವನ ಹಾಗೆ ಕೂತಿದ್ದ.

ನಮ್ಮ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ. ಸೀದಾ ಹೋಗಿ ಗೋಡೆಯ ಸ್ವಿಚ್ ಆರಿಸಿಬಿಟ್ಟಳು.

ಅವನು ಬೆಚ್ಚಿ ತಲೆ ಎತ್ತಿದ. ಮೊದಲು ಸ್ಪೀಕರ್ ನೋಡಿದ, ಆಮೇಲೆ ಸ್ವಿಚ್ ನೋಡಿದ, ಕೊನೆಗೆ ಅವಳನ್ನು ನೋಡಿದ. "ಛೇ... ಇನ್ನೊಂದು ನಿಮಿಷ ಬಿಟ್ಟಿದ್ರೆ ಇವನ ರೋಗ ಏನು ಅಂತ ಸಿಕ್ಕಿಬಿಡ್ತಿತ್ತು" ಅಂದ.

ಕ್ಷಮೆ ಇಲ್ಲ, ನಮಸ್ಕಾರ ಇಲ್ಲ. ಆದರೆ ಆ ಕಣ್ಣು... ಬೈಯಲು ಬಾಯಿ ತೆರೆದವಳು ಅರ್ಧಕ್ಕೇ ನಿಂತಳು. ಯಾಕೆ ನಿಂತೆ ಅಂತ ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಅದು ಕಿವಿಯ ಬಗ್ಗೆ ಸಂಶೋಧನೆ ನಡೆಯುವ ಜಾಗ. ಆ ರೂಮಿನ ಗೋಡೆ, ಚಾವಣಿ ಎಲ್ಲಾ ಕಡೆ ದಪ್ಪ ಸ್ಪಂಜು. ಒಳಗೆ ಮಾತಾಡಿದರೆ ಪ್ರತಿಧ್ವನಿ ಅನ್ನೋದೇ ಇರುವುದಿಲ್ಲ. ಅವಳು ಅಲ್ಲಿ ಸಂಶೋಧಕಿ.

ಒಂದೇ ಕಿವಿ ಕೇಳುವವರಿಗೆ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುವುದು ಕಷ್ಟ. ಇದು ಅವಳಿಗೆ ಪುಸ್ತಕ ಓದಿ ತಿಳಿದದ್ದಲ್ಲ. ಅವಳ ಅಪ್ಪ ಟೈಲರ್, ಚಿಕ್ಕಂದಿನ ಜ್ವರದಲ್ಲಿ ಒಂದು ಕಿವಿ ಹೋಗಿತ್ತು. ಅವಳಿಗೆ ಎಂಟು ವರ್ಷ ಇದ್ದಾಗ ರಸ್ತೆ ದಾಟುತ್ತಿದ್ದರು. ಲಾರಿ ಹಾರ್ನ್ ಹೊಡೆದದ್ದು ಬಲಗಡೆಯಿಂದ, ಅಪ್ಪ ತಪ್ಪಿಸಿಕೊಳ್ಳಲು ಹಾರಿದ್ದೂ ಬಲಗಡೆಗೇ. ಜೀವ ಉಳಿಯಿತು, ಕಾಲು ಸರಿಹೋಗಲಿಲ್ಲ.

ಹೀಗೆ ಒಂದೇ ಕಿವಿ ಕೇಳುವ ಮಕ್ಕಳಿಗೆ ಎಂಟು ವಾರ ಅಭ್ಯಾಸ ಮಾಡಿಸಿದರೆ ದಿಕ್ಕು ಕಲಿಸಬಹುದಾ? ಇದು ಅವಳ ಎರಡು ವರ್ಷದ ತಪಸ್ಸು. ಮಗುವಿನ ಸುತ್ತ ಇಪ್ಪತ್ನಾಲ್ಕು ಸ್ಪೀಕರ್ ಇಟ್ಟು, ಯಾವುದೋ ಒಂದರಿಂದ ಶಬ್ದ ಬಿಡುವುದು. ಕಣ್ಣು ಕಟ್ಟಿಕೊಂಡ ಮಗು ಶಬ್ದ ಬಂದ ಕಡೆ ಕೈ ತೋರಿಸಬೇಕು.

ಆ ಸ್ಪೀಕರ್‌ಗಳನ್ನು ಆಯ್ದು ಕೊಡಲು ವಿಭಾಗದ ಮುಖ್ಯಸ್ಥೆ, ಅಂದರೆ ಮೇಡಂ, ಕರೆಸಿದ್ದ ಸ್ಪೀಕರ್ ಮೆಕ್ಯಾನಿಕ್ ಇವನು. ಕೆಲಸದಲ್ಲಿ ಎತ್ತಿದ ಕೈ. ಆದರೆ ಕರೆದರೆ ಒಂದು ಸಲ ತಿರುಗುತ್ತಿದ್ದ, ಇನ್ನೊಂದು ಸಲ ಇಲ್ಲ. ಅವಳು ಮನಸ್ಸಿನಲ್ಲೇ ಹೆಸರಿಟ್ಟಳು, ಜಂಬದ ಕೋಳಿ!

ಒಟ್ಟು ಅರವತ್ತು ಸ್ಪೀಕರ್ ಬಂದಿದ್ದವು. ಎಲ್ಲಾ ಒಂದೇ ಮಾದರಿ. ಆದರೂ ಒಂದು ತಾಯಿ ಮಕ್ಕಳೆಲ್ಲ ಒಂದೇ ಥರ ಇರ್ತಾರಾ, ನೀವೇ ಹೇಳಿ? ಅಷ್ಟರಲ್ಲಿ ಒಂದೇ ದನಿಯ ಇಪ್ಪತ್ನಾಲ್ಕನ್ನು ಆರಿಸಬೇಕಿತ್ತು.

ಅವಳು ಮೈಕ್ ಇಟ್ಟು ಪ್ರತಿಯೊಂದರ ಗ್ರಾಫ್ ತೆಗೆದಳು. ಅವನು ಕಿವಿ ಇಟ್ಟು ಪ್ರತಿಯೊಂದಕ್ಕೂ ಹೆಸರಿಟ್ಟ. ಹನ್ನೊಂದನೆಯದು ಶೀತದ ಚಿಕ್ಕಪ್ಪ. ಮೂವತ್ತನೆಯದು ಗೊಣಗೋ ಅತ್ತೆ. ನಲವತ್ತೆರಡನೆಯದು ಹೊಸ ಮದುವಣಗಿತ್ತಿ, ಯಾಕೆಂದರೆ ಬಾಯಿ ಬಿಡೋಕೇ ನಾಚಿಕೆಯಂತೆ. ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಗ್ರಾಫ್ ತೋರಿಸಿ, ಇವರೆಲ್ಲರ ಗೆರೆ ಒಂದೇ ಇದೆ, ಎಲ್ಲರೂ ಪಾಸ್ ಅಂತ ಹಟ ಹಿಡಿದಳು. ಅವನು ಎರಡು ಸಲ ತಲೆ ಅಲ್ಲಾಡಿಸಿ, ಅಳತೆ ನಿಮ್ಮದು, ನಿಮ್ಮಿಷ್ಟ ಅಂತ ಸುಮ್ಮನಾದ.

ಹೀಗೆ ಮೂರು ವಾರ. ಅವನು ಯಾವಾಗಲೂ ಕುರ್ಚಿ ಎಳೆದುಕೊಂಡು ಅವಳ ಎಡಕ್ಕೇ ಕೂರುತ್ತಿದ್ದ. ಅವಳು ಹೇಳುವುದನ್ನು ತಲೆ ಓರೆ ಮಾಡಿ, ಒಂದಕ್ಷರವೂ ಬಿಡದ ಹಾಗೆ ಕೇಳುತ್ತಿದ್ದ. ಅವಳ ಮಾತನ್ನು ಅಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ.

'ಅಯ್ಯೋ ದೇವರೇ... ಈ ಜಂಬದ ಕೋಳಿ ನನ್ನ ಮನಸ್ಸಿಗೆ ಯಾವಾಗ ಬಂದ?'

ಒಂದು ಸಂಜೆ ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದು ಹೋಗುತ್ತಿದ್ದರು. ಫುಟ್‌ಪಾತ್ ಅಗೆದು ಹಾಕಿದ್ದರಿಂದ ಆವತ್ತು ಅವಳು ಅವನ ಎಡಗಡೆಗೆ ಬಂದಿದ್ದಳು. ಪಕ್ಕದಲ್ಲಿ ಬಸ್ಸುಗಳ ಗದ್ದಲ. ಅವಳು ನೆಲ ನೋಡುತ್ತಾ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಹೇಳಿಬಿಟ್ಟಳು.

"ನೀವಂದ್ರೆ ನನಗೆ ತುಂಬಾ ಇಷ್ಟ."

ಹತ್ತು ಹೆಜ್ಜೆ ಅವನು ಸುಮ್ಮನೆ ನಡೆದ. ಆಮೇಲೆ ಬಾಯಿ ಬಿಟ್ಟ, ಏಳನೇ ಸ್ಪೀಕರ್ ಸ್ಕ್ರೂ ಸಡಿಲ ಇದೆ, ನಾಳೆ ಬಿಗಿ ಮಾಡಬೇಕು ಅಂತ.

ಅವಳು ಹೂಂ ಅಂದಳು. ಬಸ್ಸು ಹತ್ತಿ, ಕಿಟಕಿಗೆ ಮುಖ ತಿರುಗಿಸಿ ಅತ್ತಳು.

ಮಕ್ಕಳು ಸೋಮವಾರ ಬರಬೇಕಿತ್ತು. ಅದಕ್ಕೆ ಮುಂಚೆ ಆಫೀಸಿನವರನ್ನೇ ಕೂರಿಸಿ ಒಂದು ದಿನ ಪರೀಕ್ಷೆ ಮಾಡಿದರು. ಒಬ್ಬರಿಗೆ ಹದಿನೆಂಟು ಸರಿ, ಇನ್ನೊಬ್ಬರಿಗೆ ಇಪ್ಪತ್ತು. ಮೆಕ್ಯಾನಿಕ್ ಬೇಡ ಬೇಡ ಅಂದರೂ ಮೇಡಂ ಬಿಡಲಿಲ್ಲ. ಅವನೂ ಕಣ್ಣು ಕಟ್ಟಿಕೊಂಡು ಕೂತ.

ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು!

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಕಣ್ಣಿನ ಪಟ್ಟಿ ಬಿಚ್ಚಿದವನೇ ಯಾರ ಹತ್ತಿರವೂ ಮಾತಾಡದೆ ಮೇಡಂ ರೂಮಿಗೆ ಹೋದ.

ಸ್ವಲ್ಪ ಹೊತ್ತಿಗೆ ಮೇಡಂ ಅವಳನ್ನು ಕರೆದರು. ಈ ಸ್ಪೀಕರ್ ಇಟ್ಟುಕೊಂಡು ಮಕ್ಕಳ ಪರೀಕ್ಷೆ ಶುರು ಮಾಡಬೇಡಿ ಅಂತ ಅವನು ಹೇಳಿದನಂತೆ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲವಂತೆ. ಆದರೆ ಹದಿನೈದು ವರ್ಷದಲ್ಲಿ ಅವನ ಮಾತು ಸುಳ್ಳಾಗಿದ್ದನ್ನು ನೋಡಿಲ್ಲ, ಅದಕ್ಕೆ ಸದ್ಯಕ್ಕೆ ನಿಲ್ಲಿಸು ಅಂದರು.

ಅವಳು ಓಡಿಹೋಗಿ ಅವನೆದುರು ನಿಂತಳು.

"ನನ್ನ ಹತ್ರ ಹೇಳೋಕೆ ಬಾಯಿರಲಿಲ್ವಾ? ನನ್ನ ಬೆನ್ನ ಹಿಂದೆ ಹೋಗಿ ಚುಚ್ಚಬೇಕಿತ್ತಾ?"

"ಸ್ಪೀಕರ್ ಸರಿ ಇಲ್ಲ" ಅಂದ ಅವನು, ನೆಲ ನೋಡುತ್ತಾ.

"ನೀವೇ ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು ತಗೊಂಡ್ರಲ್ಲ!"

"ಅದಕ್ಕೇ ಹೇಳ್ತಿರೋದು."

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ನಿಮ್ಮ ಜಂಬಕ್ಕೆ ನನ್ನ ಎರಡು ವರ್ಷ ಬಲಿ ಕೊಡ್ತಿದ್ದೀರ, ಇನ್ನು ನನಗೆ ಮುಖ ತೋರಿಸಬೇಡಿ ಅಂತ ಬಾಯಿಗೆ ಬಂದದ್ದು ಅಂದು ಹೊರಟುಬಿಟ್ಟಳು.

ಮನೆಯಲ್ಲಿ ಅಪ್ಪ ಅವಳ ಕುರ್ತಾದ ತೋಳಿಗೆ ಹೊಲಿಗೆ ಹಾಕುತ್ತಿದ್ದರು. ಅವಳು ಅವರ ಕೇಳುವ ಕಿವಿಯ ಕಡೆ ಕೂತು ಎಲ್ಲಾ ಕಕ್ಕಿದಳು. ಕರೆದರೆ ತಿರುಗಲ್ಲ ಅಪ್ಪ. ಯಾವಾಗ ನೋಡಿದ್ರೂ ನನ್ನ ಎಡಕ್ಕೇ ಬಂದು ಕೂರ್ತಾನೆ. ಮನಸ್ಸು ಬಿಚ್ಚಿ ಮಾತಾಡಿದ್ರೆ ಸ್ಕ್ರೂ ಬಗ್ಗೆ ಹೇಳ್ತಾನೆ...

ಅಪ್ಪ ಸೂಜಿ ನಿಲ್ಲಿಸಿದರು.

"ಮದುವೆಯಾದ ಹೊಸದ್ರಲ್ಲಿ ನಿಮ್ಮಮ್ಮನೂ ನನ್ನ ಬಗ್ಗೆ ತವರಿಗೆ ಹೋಗಿ ಹೀಗೇ ದೂರು ಹೇಳಿದ್ಲು ಮಗಳೇ" ಅಂದರು. "ಆ ಹುಡುಗನಿಗೆ ಎಡಗಿವಿ ಕೇಳುತ್ತಾ ಅಂತ ಯಾವತ್ತಾದ್ರೂ ನೋಡಿದ್ದೀಯಾ?"

ಊರವರ ಕಿವಿ ಪರೀಕ್ಷೆ ಮಾಡುವವಳು ಅವಳು. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ.

ಮಾರನೇ ದಿನ ಬೆಳಿಗ್ಗೆ ಅವನು ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಅವಳು ಅವನ ಎಡಗಡೆ ನಿಂತು ಮೆಲ್ಲಗೆ ಕರೆದಳು. ಅವನು ತಿರುಗಲಿಲ್ಲ. ಬಲಗಡೆಗೆ ಬಂದು ಅಷ್ಟೇ ಮೆಲ್ಲಗೆ ಕರೆದಳು. ತಕ್ಷಣ ತಿರುಗಿದ.

"ಯಾವಾಗಿಂದ?" ಅವಳು ಕೇಳಿದಳು.

ಅವನಿಗೆ ಅರ್ಥವಾಯಿತು. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಅಲ್ಲೇ ಕೂತುಕೊಂಡ.

"ಆರನೇ ವಯಸ್ಸಿಂದ. ಸ್ಪೀಕರ್ ಆರಿಸೋನಿಗೆ ಒಂದೇ ಕಿವಿ ಅಂದ್ರೆ ಯಾರು ಕರೀತಾರೆ ಹೇಳಿ? ಅದಕ್ಕೆ ಯಾರಿಗೂ ಹೇಳಿಲ್ಲ."

ಆಮೇಲೆ ನಿಧಾನವಾಗಿ ಎಲ್ಲಾ ಹೇಳಿದ. ನಿನ್ನೆ ಅವನಿಗೆ ಒಂದು ದಿಕ್ಕೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಸ್ಪೀಕರ್‌ಗಳ ದನಿ. ಶೀತದ ಚಿಕ್ಕಪ್ಪನ ದನಿ ಬಂತು, ಆ ಸ್ಪೀಕರ್ ಕೂರಿಸಿದ್ದು ಬಾಗಿಲ ಹತ್ತಿರ, ಅಲ್ಲಿಗೆ ಕೈ ತೋರಿಸಿದ. ಗೊಣಗೋ ಅತ್ತೆ ಇರುವುದು ಬೆನ್ನ ಹಿಂದೆ, ಅಲ್ಲಿಗೆ ತೋರಿಸಿದ.

"ಮಕ್ಕಳೂ ಎಂಟು ವಾರದಲ್ಲಿ ಕಲಿಯೋದು ಇದನ್ನೇ. ನೀವು ಪಾಸ್ ಅಂತ ಬರೆದು ಕಳಿಸ್ತೀರ. ಅವು ನಂಬಿಕೊಂಡು ರಸ್ತೆಗೆ ಇಳೀತಾವೆ."

ಅವಳ ಕಣ್ಮುಂದೆ ಅಪ್ಪನ ಕಾಲು ಬಂತು. ಕಂಪ್ಯೂಟರ್ ತೆರೆದಳು. ಗೆರೆ ಅಂದವಾಗಿ ಕಾಣಲಿ ಅಂತ ಅವಳೇ ಗ್ರಾಫಿನ ಏರುಪೇರನ್ನೆಲ್ಲ ಸವರಿ ನುಣುಪು ಮಾಡಿ ನೋಡಿದ್ದಳು. ಆ ನುಣುಪನ್ನು ತೆಗೆದು ಹಾಕಿದಾಗ ಒಂದೊಂದು ಸ್ಪೀಕರ್‌ನ ಉಬ್ಬುತಗ್ಗು ಬೇರೆ ಬೇರೆ ಕಂಡಿತು. ತಪ್ಪು ಪೂರ್ತಿ ಅವಳದೇ.

"ಮೊದಲು ನನಗೇ ಹೇಳಬಹುದಿತ್ತಲ್ಲ..."

"ಮೇಡಂ ಕಾರಣ ಹೇಳು ಅಂತ ಪಟ್ಟು ಹಿಡಿಯಲ್ಲ. ನೀವು ಹಿಡೀತೀರ" ಅಂದ ಅವನು. "ಬೇರೆಯವರ ಮುಂದೆ ಹೇಗೋ ಆಗ್ತಿತ್ತು. ನಿಮ್ಮ ಮುಂದೆ ಮಾತ್ರ ಅರ್ಧ ಮನುಷ್ಯ ಅನ್ನಿಸಿಕೊಳ್ಳೋಕೆ ಮನಸ್ಸು ಬರಲಿಲ್ಲ."

ಹಾಗಾದರೆ ಆ ಸಂಜೆ ರಸ್ತೆಯಲ್ಲಿ ಇವನಿಗೆ ಏನೂ ಕೇಳಿಸಿಯೇ ಇರಲಿಲ್ಲ! ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಅವನ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಮತ್ತೆ ಮೇಜಿನ ಮೇಲೆ ಜೋಡಿಸಿದಳು.

ಇಬ್ಬರೂ ಜೊತೆಯಾಗಿ ಮೇಡಂ ಹತ್ತಿರ ಹೋದರು. ಅವಳು ತನ್ನ ತಪ್ಪು ಹೇಳಿದಳು, ಅವನು ತನ್ನ ಕಿವಿ ವಿಷಯ ಹೇಳಿದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಕಿವಿಯವನಿಗೆ ಗುರುತು ಸಿಗದ ಸ್ಪೀಕರ್ ತಾನೇ ನಮಗೆ ಬೇಕಾಗಿರೋದು, ಇವನಿಗಿಂತ ಒಳ್ಳೆ ಪರೀಕ್ಷಕ ಎಲ್ಲಿ ಸಿಗ್ತಾನೆ ಅಂತ ಅವರೇ ತಿರುಗಿ ಕೇಳಿದರು.

ಮತ್ತೆ ಅರವತ್ತೂ ಡಬ್ಬ ತೆರೆದರು. ಈ ಸಲ ಅವಳು ಗೆರೆಯ ಒಂದು ಮುಳ್ಳನ್ನೂ ಮುಚ್ಚಲಿಲ್ಲ. ಗ್ರಾಫಲ್ಲಿ ಪಾಸಾದದ್ದನ್ನು ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಇದು ಇಂಥವನೇ ಅಂತ ಗುರುತು ಹಿಡಿದರೆ ಆ ಸ್ಪೀಕರ್ ವಾಪಸ್ ಡಬ್ಬಕ್ಕೆ. ಉಳಿದ ಚೂರುಪಾರು ವ್ಯತ್ಯಾಸವನ್ನು ಕಂಪ್ಯೂಟರಿನಲ್ಲೇ ತಿದ್ದಿದರು. ಇಪ್ಪತ್ತು ದಿನ ಹಿಡಿಯಿತು.

ಕೊನೆಯ ಪರೀಕ್ಷೆಗೆ ಅವನು ಮತ್ತೆ ಕಣ್ಣು ಕಟ್ಟಿಕೊಂಡು ನಡುವೆ ಕೂತ. ಅವಳು ಹೊರಗೆ, ಗಾಜಿನಾಚೆ. ಬಾಗಿಲ ಹತ್ತಿರ ಶಬ್ದ ಬಂದರೆ ಅವನು ಕಿಟಕಿ ಕಡೆ ಕೈ ತೋರಿಸಿದ. ಹಿಂದೆ ಬಂದರೆ ಮುಂದೆ ತೋರಿಸಿದ. ಪ್ರತಿ ತಪ್ಪಿಗೂ ಅವಳ ಎದೆ ಹಗುರಾಯಿತು. ಮುಗಿದ ಕೂಡಲೇ ಬಾಗಿಲು ತಳ್ಳಿಕೊಂಡು ಒಳಗೆ ಓಡಿದಳು.

"ಎಷ್ಟು?" ಪಟ್ಟಿ ಬಿಚ್ಚದೇ ಕೇಳಿದ.

"ಎರಡು" ಅಂದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಇಪ್ಪತ್ನಾಲ್ಕಕ್ಕೆ ಬರೀ ಎರಡು."

ಅವನು ಜೋರಾಗಿ ನಕ್ಕ. ಫೇಲಾಗಿ ಇಷ್ಟು ಖುಷಿ ಪಟ್ಟವರು ಯಾರಾದರೂ ಇದ್ದಾರಾ! ನಗು ನಿಂತ ಮೇಲೂ ಅವನ ಕೈ ಪಟ್ಟಿಗೆ ಹೋಗಲಿಲ್ಲ.

"ಕಣ್ಣು ಕಟ್ಟಿರುವಾಗಲೇ ಒಂದು ಮಾತು ಹೇಳಿಬಿಡ್ತೀನಿ. ಬಿಚ್ಚಿದ್ರೆ ಧೈರ್ಯ ಬರಲ್ಲ" ಅಂದ. "ನೀವು ಸ್ವಿಚ್ ಆರಿಸಿದ ದಿನದಿಂದ ನನಗೆ ನಿಮ್ಮದೇ ಧ್ಯಾನ. ನಿಮ್ಮ ಹತ್ರ ಕೂತಾಗೆಲ್ಲ, ಇರೋ ಈ ಒಂದು ಕಿವಿ ಸಾಕು ಅನ್ಸುತ್ತೆ. ಕೊನೇವರೆಗೂ ಹಾಗೇ ಕೂತಿರಬೇಕು ಅಂತ ಆಸೆ. ನಿಮಗೆ ಇಷ್ಟ ಇಲ್ದಿದ್ರೆ... ಈಗಲೇ ಹೊರಗೆ ಹೋಗಿಬಿಡಿ. ನಾನು ಆಮೇಲೆ ಪಟ್ಟಿ ಬಿಚ್ತೀನಿ."

ಅವಳು ಎರಡೂ ಕೈಯಿಂದ ಕೆನ್ನೆ ಒರೆಸಿಕೊಂಡಳು. ಆ ರೂಮಿನಲ್ಲಿ ಮಾತು ನಿಂತರೆ ಏನೇನೂ ಕೇಳುವುದಿಲ್ಲ. ಅವನ ಮುಖ ಬಾಡುತ್ತಾ ಬಂತು.

"ಹೋದ್ರಾ?"

"ಇಲ್ಲೇ ಇದ್ದೀನಿ."

ಅವನು ಗಡಬಡಿಸಿ ಎದ್ದ. ದನಿ ಎಲ್ಲಿಂದ ಬಂತು ಅಂತ ತಿಳಿಯದೆ, ಅವಳಿಗೆ ಬೆನ್ನು ಹಾಕಿ, ಖಾಲಿ ಗೋಡೆಯ ಕಡೆ ಕೈ ಚಾಚಿದ.

"ಎಲ್ಲಿ? ನನಗೆ ಗೊತ್ತಾಗ್ತಿಲ್ಲ..."

ಅವಳು ಸುತ್ತಿ ಬಂದು ಅವನೆದುರು ನಿಂತು, ಚಾಚಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನು ಹುಡುಕಬೇಡ" ಅಂದಳು. "ನೀನು ಯಾವ ಕಡೆ ತಿರುಗಿದ್ರೂ, ಆ ಕಡೆಗೆ ನಾನೇ ಬರ್ತೀನಿ."