ಎಂಟು ಎಂಟು ಎಂಟು ಎಂಟು

"ಅದರಲ್ಲಿ ಏನ್ ಮಾಡ್ತಿದ್ದೀರಿ? ಮೊದ್ಲು ಕೈ ತೆಗೀರಿ."

ಸೂಚಿನ್ ಬಾಗಿಲಲ್ಲೇ ನಿಂತು ಕೇಳಿದಳು. ಚಿಗು ಎಂಬ ಕಡಲೂರಿನ ಹೂಮೀನು ಸಾಕುವ ಕೊಳಗಳ ದಂಡೆಯ ಶೆಡ್ಡಿನಲ್ಲಿ, ಅವಳ ಲ್ಯಾಪ್‌ಟಾಪಿನ ಮುಂದೆ, ಗುರುತಿಲ್ಲದ ಗಂಡಸೊಬ್ಬ ಕೂತಿದ್ದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೇ ಸಮನೆ ಓಡುತ್ತಿದ್ದವು.

ಅವನು ಗಾಬರಿಯಾಗಿ ಎದ್ದ. ಹೆಸರು ಯಾನ್‌ಟಿಂಗ್, ಮೀನುಗಾರಿಕೆ ಕಚೇರಿಯವನು. ಅವಳ ಅಪ್ಪನೇ ಕರೆಸಿದ್ದ. ಮೂರು ವರ್ಷದಿಂದ ಸೂಚಿನ್ ಪುಸ್ತಕಗಳಲ್ಲಿ ಬರೆದಿಟ್ಟ ನೀರಿನ ಬಿಸಿ, ಉಪ್ಪು, ಮೀನಿನ ತೂಕವನ್ನೆಲ್ಲ ಕಂಪ್ಯೂಟರಿನ ನೋಟ್‌ಬುಕ್ಕಿಗೆ ಹಾಕಿದರೆ, ಚಳಿಗೆ ಮೀನು ಸಾಯುವ ಮುಂಚೆಯೇ ಸುಳಿವು ಸಿಗುತ್ತದಂತೆ. ಪ್ರಶ್ನೆ ಬರೆದರೆ ಅದರ ಕೆಳಗೇ ಉತ್ತರವಂತೆ.

ಕೇಳಲು ಚೆಂದವೇ. ಆದರೆ ಹೋದ ವರ್ಷ ಹೀಗೆಯೇ ನಗುನಗುತ್ತ ಬಂದವನೊಬ್ಬ ಅವಳ ಪುಸ್ತಕಗಳ ಫೋಟೊ ಹೊಡೆದು ದಲ್ಲಾಳಿಗೆ ಕೊಟ್ಟಿದ್ದ. ಯಾವ ಕೊಳದ ಮೀನು ಯಾವಾಗ ತಯಾರು ಎಂಬ ಗುಟ್ಟೆಲ್ಲ ಬಯಲಾಗಿತ್ತು.

"ಬ್ರೌಸರಲ್ಲಿ ತೆರೆಯುತ್ತೆ ಅಂದ್ರೆ ಊರಿಗೆಲ್ಲ ಕಾಣುತ್ತೆ ತಾನೆ?"

"ಇಲ್ಲ ಕಣ್ರೀ. ವಿಳಾಸ ಈ ಮಷೀನಿಂದೇ. ನಿಮ್ಮನೆಯಿಂದ ನಿಮ್ಮನೆಗೇ ದಾರಿ."

ಮಾತುಗಾರ... ಇವನೂ ಕಳ್ಳನೇ ಎಂದುಕೊಂಡಳು.

ಅವನು ದಿನಾ ಮಧ್ಯಾಹ್ನ ಬಂದು ಕಲಿಸಿದ. ಸೂಚಿನ್ ಪರದೆ ಬಿಟ್ಟು ಅವನ ಬೆರಳುಗಳನ್ನೇ ಕಾಯುತ್ತಿದ್ದಳು. ಒಂದು ದಿನ ಸದ್ದಿಲ್ಲದೆ ಇಂಟರ್ನೆಟ್ ತಂತಿ ಕಿತ್ತಳು. ನೋಟ್‌ಬುಕ್ಕು ನಿಲ್ಲಲಿಲ್ಲ. ಅವನು ತಿರುಗದೆಯೇ, "ಪರೀಕ್ಷೆ ಮುಗೀತಾ?" ಎಂದ. ಅವಳ ಕೆನ್ನೆ ಬಿಸಿಯಾಯಿತು.

ಮರುದಿನ ಅಂಕಿಗಳ ನಡುವೆ ಒಂಬತ್ತು ದಿನ ಖಾಲಿ ಇರುವುದನ್ನು ಅವನು ಕಂಡ. ಅಮ್ಮ ತೀರಿಹೋದಾಗಿನ ದಿನಗಳವು ಎಂದಳು. ಸರಾಸರಿ ಹಾಕಿ ತುಂಬುತ್ತಾನೆಂದುಕೊಂಡಿದ್ದಳು. ಅವನು ಹಾಗೇ ಬಿಟ್ಟ. ಅವತ್ತೇ ಅವಳ ಮನಸ್ಸು ಸೋತಿದ್ದು. ಅನುಮಾನ ಮಾತ್ರ ಸೋಲಲಿಲ್ಲ.

ಬುಧವಾರ ಅವಳು ಬರುವಷ್ಟರಲ್ಲಿ ಅವನು ಬಂದು ಹೋಗಿದ್ದ. ಮಷೀನು ತಂಟೆ ಮಾಡದಿರಲೆಂದು, ಅಲ್ಲಿನವರ ನಂಬಿಕೆಯಂತೆ, ಅವನೇ ಪಕ್ಕದಲ್ಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣದ ಮೇಲೆ ಒಂದು ಚೀಟಿ. ಅದರಲ್ಲಿ ಇದ್ದದ್ದು ಇಷ್ಟೇ: 8888.

ಅವರ ಚೀನೀ ಮಾತಿನಲ್ಲಿ ಎಂಟಕ್ಕೆ ‘ಬಾ’ ಅನ್ನುತ್ತಾರೆ; ಎಂಟು ಎಂಟು ಎಂದರೆ ಬೈ ಬೈ ಅಂದ ಹಾಗೇ ಕೇಳುತ್ತದೆ. ಮೊಬೈಲಿನಲ್ಲಿ ಎಲ್ಲರೂ ಹಾಗೆಯೇ ಬರೆದು ಮಾತು ಮುಗಿಸುವುದು. ಇವನು ಎರಡೆರಡು ಸಲ ಬರೆದಿದ್ದ!

ಫೋನು ಹತ್ತಲಿಲ್ಲ. ನೋಟ್‌ಬುಕ್ಕೂ ಎಂದಿನಂತೆ ತಾನಾಗಿ ತೆರೆಯಲಿಲ್ಲ. ಬೇಕಾದದ್ದು ಸಿಕ್ಕಿತು, ಬಾಗಿಲು ಹಾಕಿಕೊಂಡು ಹೋದ... ಎಲ್ಲ ಅಳಿಸಿಬಿಡಬೇಕೆಂದು ಮೂರು ದಿನ ಕೂತಳು. ಬೆರಳು ಒಪ್ಪಲಿಲ್ಲ. ಆ ಒಂಬತ್ತು ಖಾಲಿ ದಿನಗಳೂ ಅದರಲ್ಲೇ ಇದ್ದವು.

ಶನಿವಾರ ಮಧ್ಯಾಹ್ನ ಅವನು ಬಂದ, ಮುಖವೆಲ್ಲ ಬಿಸಿಲಿಗೆ ಸುಟ್ಟಿತ್ತು. ಓದಿದ್ರಾ ಎಂದು ಮೆಲ್ಲಗೆ ಕೇಳಿದ.

"ಓದ್ದೆ. ಒಂದ್ಸಲ ಬೈ ಬೈ ಅಂದಿದ್ರೆ ಸಾಲ್ತಿರಲಿಲ್ವಾ? ನನ್ನ ಅಂಕಿ ಯಾರಿಗೆ ಕೊಟ್ರಿ?"

ಅವನು ಚೀಟಿ ನೋಡಿದ, ಅವಳನ್ನು ನೋಡಿದ, ಹಣೆ ಚಚ್ಚಿಕೊಂಡ. "ಅಯ್ಯೋ, ಅದು ನೋಟ್‌ಬುಕ್ ತೆರೆಯೋ ಬಾಗಿಲ ನಂಬರ್ ಕಣ್ರೀ! ಅಪ್‌ಡೇಟ್ ಆದ್ಮೇಲೆ ತಾನಾಗಿ ತೆರೀತಿರಲಿಲ್ಲ. ವಿಳಾಸದ ಕೊನೆಗೆ ಹಾಕ್ಲಿ ಅಂತ ಬರೆದಿಟ್ಟೆ."

ಅವನೇ ಒತ್ತಿದ. ನೋಟ್‌ಬುಕ್ ತೆರೆಯಿತು. ಅಂಕಿಗಳೆಲ್ಲ ಮುಗಿದ ಮೇಲೆ ಕೆಳಗೆ ಅವನ ಸಾಲುಗಳಿದ್ದವು.

ಮೂರು ದಿನ ಹಡಗಿನಲ್ಲಿ ಕೆಲಸ, ಫೋನು ಸಿಗುವುದಿಲ್ಲ. ಶನಿವಾರ ಬರುತ್ತೇನೆ. ಆ ಒಂಬತ್ತು ದಿನ ಖಾಲಿಯೇ ಇರಲಿ. ಇನ್ನು ಮುಂದೆ ಅಂಥ ದಿನ ಬಂದರೆ ನಿಮ್ಮ ಜೊತೆ ನಾನಿರಲೇ?

ಸೂಚಿನ್‌ಗೆ ಅಕ್ಷರಗಳು ಮಂಜಾದವು. ಇಷ್ಟು ದಿನ ಕಳ್ಳನನ್ನು ಹುಡುಕಿದ ಕಣ್ಣಿಗೆ ಇದೊಂದು ಸಾಲು ಕಾಣದೆ ಹೋಯಿತೇ! ಕಣ್ಣೊರೆಸಿಕೊಂಡು, ಪ್ರಶ್ನೆಯ ಕೆಳಗೇ ಒಂದೊಂದೇ ಅಕ್ಷರ ಒತ್ತಿದಳು: ಇರು.

ಯಾನ್‌ಟಿಂಗ್ ಆ ಪದವನ್ನು ಎರಡು ಸಲ ಓದಿದ. ಆಮೇಲೆ ಕೇಳಿದ, "ಆ ಬೈ ಬೈ ನಂಬರ್ ಬದಲಾಯಿಸ್ಲಾ?"

"ಬೇಡ. ಬಾಗಿಲು ಅದೇ ಇರ್ಲಿ. ನೀನು ಒಳಗಿರು, ಸಾಕು."