ನಾಲ್ಕನೇ ಕೋಣೆಯ ಜೋಲಿ

“ಈ ಮಂಚದ ಮೇಲೆ ಮಲಗಲ್ಲ ಅಂದ್ರೆ ಮಲಗಲ್ಲ! ನಾಲ್ಕು ಗಂಟೆ ಬಸ್ಸಿಗೆ ನನ್ನ ಊರಿಗೆ ಕಳಿಸಿಬಿಡು, ರುಫಿನೊ!”

ಎಪ್ಪತ್ತು ತುಂಬಿದ ದಿನವೇ ಎಲ್ಮಿರಾ ಮಗನ ಮೇಲೆ ಹೀಗೆ ಗುಡುಗಿದಾಗ ಸೊಸೆ ನೆರೈದಾಳ ಎದೆ ಧಸಕ್ಕೆಂದಿತು. ಅತ್ತೆಯ ಹುಟ್ಟುಹಬ್ಬಕ್ಕೆಂದು ಮೆರಿದಾ ಪಟ್ಟಣದ ಈ ಹೋಟೆಲಿನಲ್ಲಿ ಎರಡು ದಿನಕ್ಕೆ ಕೋಣೆಗಳನ್ನು ಹಿಡಿದವಳು ಅವಳೇ. ಕತ್ತಾಳೆ ನಾರು ಮಾರಿ ಕೊಬ್ಬಿದ ಸಾಹುಕಾರನೊಬ್ಬನ ನೂರಿಪ್ಪತ್ತು ವರ್ಷದ ಬಂಗಲೆಯದು. ಈಗ ಒಂಬತ್ತೇ ಕೋಣೆಗಳ ಹೋಟೆಲು. ಹೂಚಿತ್ತಾರದ ನೆಲ, ಅಂಗಳದಲ್ಲಿ ಹುಳಿಕಿತ್ತಳೆ ಮರ, ಅತ್ತೆಗೆ ಕೊಟ್ಟ ನಾಲ್ಕನೇ ಕೋಣೆಯ ನಡುವೆ ಆನೆ ಮಲಗುವಂಥ ಮಂಚ, ಅದರ ಮೇಲೆ ಏಳು ದಿಂಬು! ಒಂದು ತಲೆಗೆ ಏಳು ದಿಂಬು ಯಾಕಪ್ಪಾ ಬೇಕು?

ಮಂಚವೆಂದರೆ ಈ ಅತ್ತೆ ಸೊಸೆಯರ ನಡುವೆ ಹಳೆಯ ಗಾಯ. ನಮ್ಮ ಯುಕಾತಾನ್ ಸೀಮೆಯವರು ಹುಟ್ಟಿನಿಂದ ನೂಲಿನಲ್ಲಿ ಹೆಣೆದು ಎರಡು ಗೋಡೆಗಳ ನಡುವೆ ಕಟ್ಟುವ ಜೋಲಿಯಲ್ಲೇ ಮಲಗಿ ಬೆಳೆದವರು. ಗಂಡ ಹೆಂಡತಿಗೂ ಒಂದೇ ದೊಡ್ಡ ಜೋಲಿ. ಹದಿನಾಲ್ಕು ವರ್ಷದ ಹಿಂದೆ ಎಲ್ಮಿರಾ ಐದು ತಿಂಗಳು ಕೂತು ಮಗನ ಮದುವೆಗೆಂದು ಅಂಥದೊಂದನ್ನು ಹೆಣೆದಿದ್ದಳು. ಸೊಸೆಯೋ ದೂರದ ಉತ್ತರದವಳು, ಲಾರಿಯಲ್ಲಿ ಮಂಚ ಹೇರಿಕೊಂಡು ಬಂದಳು! “ನಂಗೆ ಜೋಲಿ ಅಭ್ಯಾಸ ಇಲ್ಲ ಅತ್ತೆ” ಎಂದುಬಿಟ್ಟಳು, ಹಿಂದೆಮುಂದೆ ನೋಡದೆ. ಅಷ್ಟೇ! ಆ ಜೋಲಿಯ ಗಂಟನ್ನು ಅತ್ತೆ ಬಿಚ್ಚಲೇ ಇಲ್ಲ. ಅಂದಿನಿಂದ ಸೊಸೆಗೆ ‘ಮಂಚದ ಮಹಾರಾಣಿ’ ಎಂದೇ ಹೆಸರು. ಒಮ್ಮೆಯಾದರೂ ಅತ್ತೆಯ ಬಾಯಲ್ಲಿ ‘ಮಗಳೇ’ ಎನ್ನಿಸಿಕೊಳ್ಳಬೇಕೆಂದು ಅವಳು ಪಟ್ಟ ಪಾಡು ಒಂದೆರಡಲ್ಲ... ಇದೇ ಕೊನೆಯ ಪ್ರಯತ್ನ ಎಂದು ಗಂಡನಿಗೆ ಹೇಳಿಯೇ ಹೊರಟಿದ್ದಳು.

ರುಫಿನೊ ಮುಖ ಸಪ್ಪಗೆ ಮಾಡಿಕೊಂಡು ಬಸ್ಸಿನ ಟಿಕೆಟ್ಟಿಗೆ ಹೊರಟ.

“ಚೀಲದಲ್ಲಿ ನನ್ನ ಜೋಲಿ ಇದೆ, ಎದುರುಬದುರು ಗೋಡೇಲಿ ಕೊಂಡಿ ಇದೆ. ಕಟ್ಟೋಕೆ ಇವನು ಬಿಡಲ್ವಂತೆ!” ಎಂದು ಎಲ್ಮಿರಾ ಬಾಗಿಲಲ್ಲಿದ್ದ ಮ್ಯಾನೇಜರ್ ಫಾವಿಯೊನನ್ನು ದುರುಗುಟ್ಟಿ ನೋಡಿದಳು.

“ಹಳೇ ಕಾಲದ ಕೊಂಡಿ ಅಮ್ಮಾ, ನೋಡೋಕೆ ಮಾತ್ರ.”

“ಕೊಂಡೀನ ಯಾರಾದ್ರೂ ನೋಡ್ತಾ ಕೂರ್ತಾರೇನೋ! ನೀನು ಮನೇಲಿ ಎಲ್ಲಿ ಮಲಗ್ತೀಯ, ಹೇಳು?”

ಫಾವಿಯೊ ತಲೆ ಕೆರೆದುಕೊಂಡ. “ಜೋಲೀಲೇ...”

ನೆರೈದಾ ಒಂದು ಕೊಂಡಿಗೆ ಅಲಂಕಾರಕ್ಕೆ ತೂಗುಹಾಕಿದ್ದ ಹೂಕುಂಡವನ್ನು ತೆಗೆದು ಫಾವಿಯೊನ ಕೈಗಿತ್ತಳು. ಅತ್ತೆಯ ಚೀಲಕ್ಕೆ ಕೈಹಾಕಿ ಸಿಕ್ಕಿದ ಗಂಟನ್ನು ಎಳೆದು ಬಿಚ್ಚಿದಳು.

“ಅದಲ್ಲ! ಅದನ್ನ ಮುಟ್ಟಬೇಡ!” ಎಲ್ಮಿರಾ ಕಿರುಚಿದಳು.

ಕೆಂಪು, ಹಳದಿ, ನೀಲಿ... ಇಬ್ಬರಿಗಾಗುವಷ್ಟು ಅಗಲದ, ಒಮ್ಮೆಯೂ ಯಾರೂ ಮಲಗದ ಹೊಸ ಜೋಲಿ! ನೆರೈದಾ ಅದರ ಅಂಚನ್ನು ಸವರಿದಳು. “ಅತ್ತೆ... ಇದು ಅದೇ ಅಲ್ವಾ?”

“ಹೂಂ, ಅದೇ! ಹಳೇದೆಲ್ಲ ಮರೆತು ಇವತ್ತು ಕೊಟ್ಟುಬಿಡೋಣ ಅಂತಲೇ ತಂದಿದ್ದೆ ಕಣೇ. ಆ ಏಳು ದಿಂಬು ನೋಡಿ ಮೈ ಉರಿದುಹೋಯ್ತು!”

ಸೊಸೆ ಕಣ್ಣೊರೆಸಿಕೊಂಡು ಎರಡೂ ತುದಿಯ ಹಗ್ಗವನ್ನು ಕೊಂಡಿಗಳಿಗೆ ಎರಡೆರಡು ಸುತ್ತು ಸುತ್ತಿ, ಒಳಗಿಂದ ತೂರಿಸಿ ಜಗ್ಗಿದಳು. ಎಲ್ಮಿರಾ ಅನುಮಾನದಿಂದಲೇ ಪೂರ್ತಿ ಭಾರ ಬಿಟ್ಟು ಕೂತಳು. ಫಾವಿಯೊ ಕಣ್ಣು ಮುಚ್ಚಿಕೊಂಡ. ಗಂಟು ಜಾರಲಿಲ್ಲ!

“ಯಾರೇ ಕಲಿಸಿದ್ದು?”

“ನೀವೇ ಅತ್ತೆ. ನಮ್ಮನೆಗೆ ಬಂದಾಗೆಲ್ಲ ನೀವು ಕಟ್ಟೋದನ್ನ ನೋಡ್ತಿದ್ದೆ. ಮೂರು ಸಲ ಬಿದ್ದೆ. ಈಗ ಒಂಬತ್ತು ವರ್ಷದಿಂದ ನಾನು ಮಲಗೋದು ಜೋಲೀಲೇ... ನಿಮ್ಮ ಮಗನ ಗೊರಕೆಗೆ ಮಂಚದ ಮೇಲೆ ಮಲಗೋಕಾಗುತ್ತಾ?”

“ಒಂಬತ್ತು ವರ್ಷ! ಹೇಳೋದಲ್ವೇನೇ?”

“ನಾಚಿಕೆ ಆಯ್ತು, ನೀವು ಬಂದಾಗ ಬಿಚ್ಚಿಡ್ತಿದ್ದೆ. ನೀವು ನಗ್ತೀರಿ ಅಂತ...”

ಎಲ್ಮಿರಾ ನಕ್ಕೇ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. “ಅವರಪ್ಪನೂ ಹಾಗೇ ಗೊರಕೆ ಹೊಡೀತಿದ್ದ! ಬಾ, ಬಾ ಇಲ್ಲಿ. ಉದ್ದಕ್ಕೆ ಮಲಗಬೇಡ, ಬೆನ್ನು ಹಿಡಿಯುತ್ತೆ. ಅಡ್ಡಡ್ಡ ಮಲ್ಕೋ, ಮಗಳೇ.”

ಮಗಳೇ! ನೆರೈದಾ ಸೆರಗಿಲ್ಲದ ತನ್ನ ಅಂಗಿಯ ತೋಳಿನಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಫಾವಿಯೊ ಹೂಕುಂಡವನ್ನೆತ್ತಿಕೊಂಡು, “ನಾನೇನೂ ನೋಡಿಲ್ಲಮ್ಮಾ” ಎಂದು ಬಾಗಿಲೆಳೆದುಕೊಂಡು ಹೋದ.

ಟಿಕೆಟ್ಟು ಹಿಡಿದು ಬೆವರುತ್ತಾ ಬಂದ ರುಫಿನೊನಿಗೆ ಕಂಡಿದ್ದು ಅಕ್ಕಪಕ್ಕ ಅಡ್ಡಡ್ಡ ಮಲಗಿ ತೂಗುತ್ತಿದ್ದ ಅವ್ವ ಮತ್ತು ಹೆಂಡತಿ. “ಅಮ್ಮಾ... ಬಸ್ಸು?” ಎಂದ ಪಾಪ.

“ಯಾವ ಬಸ್ಸೋ? ಇನ್ನೆರಡು ದಿನ ನಾವಿಬ್ಬರೂ ಇಲ್ಲೇ. ಏಳು ದಿಂಬಿದೆ, ನೀನು ಹೋಗಿ ಮಂಚದ ಮೇಲೆ ಬಿದ್ಕೋ. ಗೊರಕೆ ಮಾತ್ರ ಹೊಡೀಬೇಡ, ನನ್ನ ಮಗಳಿಗೆ ನಿದ್ದೆ ಬರ್ತಾ ಇದೆ.”