ಕಾಲು ಸುತ್ತು ಹಿಂದಕ್ಕೆ

ಸೋಮವಾರ ಬೆಳಗ್ಗೆ ಎಂಟೂವರೆಗೆ ಗ್ಯಾಸ್ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ನೆಲದಾಳದ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಗ್ಯಾಸ್ ತೆಗೆಯುವ ಕಂಪನಿ ಅದು. ಅಂದಿನ ಸೀಳುವ ಕೆಲಸಕ್ಕೆಂದು ನೀರು ತುಂಬಿಸಿಟ್ಟಿದ್ದ ಹೊಂಡವನ್ನು ರಾತ್ರಿ ಯಾರೋ ಬರಿದು ಮಾಡಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು. ಜೊತೆಗೆ ದಫೇದಾರನೂ ಇದ್ದ. ನಾಲಿಗೆಗೆ ಬಿಡುವೇ ಇಲ್ಲದ್ದರಿಂದ ಠಾಣೆಯವರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು.

ಕಾವಲೆಲ್ಲ ಯಂತ್ರಗಳಿಗೆ, ನೀರನ್ನು ಯಾರು ಕದಿಯುತ್ತಾರೆಂದು ಹೊಂಡಕ್ಕೆ ಬೀಗವೇ ಇರಲಿಲ್ಲ. ಪಂಚರ ಎದುರು ಇನ್‌ಸ್ಪೆಕ್ಟರ್ ತಳದ ವಾಲ್ವಿನ ಚಕ್ರ ಹಿಡಿದು ನೋಡಿದರು. ಅದನ್ನು ಪೂರ್ತಿ ತೆರೆದು, ಮತ್ತೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಲಾಗಿತ್ತು.

“ನಿಮ್ಮವರು ಹೀಗೆ ತೆಗೀತಾರಾ?” ಎಂದು ಮ್ಯಾನೇಜರನ್ನು ಕೇಳಿದರು.

“ಇಲ್ಲ, ಕೊನೇವರೆಗೂ ತಿರುಗಿಸಿ ಬಿಟ್ಟುಬಿಡ್ತಾರೆ. ಇದು ನಮ್ಮ ಗೇಟಿನ ಮುಂದೆ ಧರಣಿ ಕೂತವರದೇ ಕೆಲಸ ಸಾರ್. ನಾವು ಬಂದ ಮೇಲೆ ರಸ್ತೆ ಆಯ್ತು, ಹುಡುಗರಿಗೆ ಕೆಲಸ ಸಿಕ್ತು, ಮನೆಮನೆಗೆ ಅಗ್ಗದ ಗ್ಯಾಸ್ ಬಂತು. ಉಂಡ ಮನೆಗೇ ಎರಡು ಬಗೀತಾರೆ!”

“ಧರಣಿಯವರಿಗೆ ಕೂಗೋಕೆ ಬರ್ತದೆ. ಈ ಕೈಗೆ ವಾಲ್ವ್ ತಿರುಗಿಸೋಕೆ ಬರ್ತದೆ. ಸಂಜೆಯೊಳಗೆ ಸಿಗ್ತಾನೆ.”

ಮೌನಿ ಪಂಚನಾಮೆ ಮುಗಿಸಿದ. ಅಲ್ಲಿಂದ ಜೀಪು ನೇರವಾಗಿ ಊರಿನ ನೀರಿನ ಟ್ಯಾಂಕಿನ ಬಳಿ ನಿಂತಿತು. ದಿನವೂ ಊರಿಗೆ ನೀರು ಬಿಡುವ ನೀರುಗಂಟಿ ನೆರಳಲ್ಲಿ ಕೂತಿದ್ದ.

“ಯಜಮಾನ್ರೇ, ಸ್ವಲ್ಪ ನೀರು ಬಿಡಿ. ನಮ್ಮ ದಫೇದಾರನ ಗಂಟಲು ಒಣಗಿದೆ.”

“ಅಷ್ಟು ಮಾತಾಡಿದ್ರೆ ಒಣಗದೆ ಇನ್ನೇನು ಸಾರ್!” ನೀರುಗಂಟಿ ನಗುತ್ತ ಚಕ್ರ ತಿರುಗಿಸಿದ. ಕೊನೆ ಮುಟ್ಟಿದ ಮೇಲೆ ಕೈ ತಾನಾಗಿ ಕಾಲು ಸುತ್ತು ಹಿಂದಕ್ಕೆ ಬಂತು. ಮೌನಿ ನಿಜಕ್ಕೂ ಮೌನಿಯಾದ.

“ಹೊಂಡದ ಹತ್ರಾನೂ ಹೀಗೇ ತಿರುಗಿಸಿದ್ರಾ?”

ನೀರುಗಂಟಿ ಹರಿಯುವ ನೀರನ್ನೇ ನೋಡಿದ. “ಗಂಗಮ್ಮನ ಮುಂದೆ ಸುಳ್ಳಾಡಬಾರದು. ಹೌದು, ನಾನೇ.”

“ನಿಮ್ಮ ಅಳಿಯನೇ ಆ ಕಂಪನೀಲಿ ಕೆಲಸ ಮಾಡ್ತಾನಲ್ಲ?”

“ಅವನ ಸಂಬಳದಿಂದಲೇ ನಮ್ಮ ಒಲೆ ಉರಿಯೋದು ಸಾರ್. ಆದ್ರೆ ನನ್ನ ತಂಗಿ ಮನೇಲಿ ನೀರೂ ಉರೀತದೆ. ಬಂದು ನೋಡಿ.”

ತಂಗಿಯ ಹಿತ್ತಲಲ್ಲಿ ಮೌನಿ ಕೊಳವೆಬಾವಿಯ ನಲ್ಲಿ ತಿರುಗಿಸಿ ಕಡ್ಡಿ ಗೀರಿದ. ನೀರಿನ ಜೊತೆ ನೀಲಿ ಜ್ವಾಲೆ ಎದ್ದಿತು.

“ಇವತ್ತು ಸೀಳಬೇಕಿದ್ದದ್ದು ಈ ಬಾವಿ ಪಕ್ಕದಲ್ಲೇ,” ಎಂದ ನೀರುಗಂಟಿ. “ಮೊದಲು ನೀರು ಪರೀಕ್ಷೆ ಮಾಡಿ, ಆಮೇಲೆ ಸೀಳಿ ಅಂತ ಕಂಪನಿಯವರ ಕಾಲು ಹಿಡಿದು ಬೇಡ್ಕೊಂಡೆ. ಯಾರೂ ಕೇಳಲಿಲ್ಲ.”

“ಅಣ್ಣಾ, ನನಗೋಸ್ಕರ ಜೈಲಿಗೆ ಹೋಗ್ತೀಯಾ?” ತಂಗಿ ಸೆರಗು ಬಾಯಿಗೊತ್ತಿಕೊಂಡಳು.

ಹಿಂದೆಯೇ ಬಂದಿದ್ದ ಮ್ಯಾನೇಜರ್, “ಈ ನೆಲದಲ್ಲಿ ನಾವು ಬರೋಕೆ ಮುಂಚೇನೂ ಗ್ಯಾಸ್ ಇತ್ತು ಸಾರ್,” ಎಂದರು.

“ಇದ್ದಿರಬಹುದು. ಪರೀಕ್ಷೆ ಹೇಳ್ತದೆ. ನಿಮ್ಮ ಹೊಂಡ ಮತ್ತೆ ತುಂಬೋಷ್ಟರಲ್ಲಿ ಅದೂ ಮುಗೀತದೆ.”

ಸಂಜೆ ನಾಲ್ಕಕ್ಕೆ ನೀರುಗಂಟಿಯ ಬಂಧನವಾಯಿತು. ತಂಗಿಯ ದೂರನ್ನೂ ಮೌನಿ ಬರೆದುಕೊಂಡ. ನೀರಿನ ಬಾಟಲಿಗಳು ಮೊಹರಾಗಿ ಪರೀಕ್ಷೆಗೆ ಹೊರಟವು.

ಜೀಪು ಹತ್ತುವಾಗ ಇನ್‌ಸ್ಪೆಕ್ಟರ್ ಕೇಳಿದರು: “ಅಷ್ಟು ಸಿಟ್ಟಲ್ಲಿ ತೆರೆದವರು ಆ ಕಾಲು ಸುತ್ತು ಹಿಂದಕ್ಕೆ ಯಾಕೆ ತಿರುಗಿಸಿದ್ರಿ?”

“ಬಿಗಿ ಹಿಡ್ಕೊಂಡ್ರೆ ಮುಚ್ಚೋನಿಗೆ ಕಷ್ಟ ಸಾರ್. ಬೆಳಗಿನ ಪಾಳಿ ನನ್ನ ಅಳಿಯನದು.”